ಬಾಡಿಗೆಯ ಮಖಮಲ್ಲು ಮತ್ತು ಮನೆಯ ನಿಲುವಂಗಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ, ಶಾಲೆ ನಡೆದು ಬಂದ ದಾರಿಯನ್ನೋ ಗಡಿನಾಡಿನ ಕನ್ನಡ ಶಿಕ್ಷಣದ ಕಷ್ಟಗಳನ್ನೋ ಕುರಿತು ನಾನು ಬರೆಯುವೆನೆಂದು ಅವರು ನಿರೀಕ್ಷಿಸಿರಬೇಕು. ಅವುಗಳನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಂಚಿಕೆಯಲ್ಲಿ ಬರೆದಿದ್ದಾರೆ. ನಾನು ಬರೆಯಹೊರಟಿರುವುದು ಒಂದು ಅಂಗಿಯ ವಿಚಾರ. ಎಪ್ಪತ್ತು ದಾಟಿದ ನಿವೃತ್ತ ಮುಖ್ಯೋಪಾಧ್ಯಾಯನೊಬ್ಬ ಇಂತಹ ಸಂದರ್ಭದಲ್ಲಿ ಹೊಲಿಗೆಯ ಮಾತನ್ನೆತ್ತುವುದು ಕೆಲವರಿಗೆ ನಗೆ ತರಿಸಬಹುದು. ಪೂರ್ತಿ ಓದಿದ ಮೇಲೆ ನಗಬೇಕಾಗಿ ವಿನಂತಿ.

ಮಹೋತ್ಸವದ ಸಮಾರೋಪದ ಸಂಜೆ ನಮ್ಮ ಮಕ್ಕಳು ಶ್ರೀಕೃಷ್ಣದೇವರಾಯನ ನಾಟಕವನ್ನು ಆಡಲಿದ್ದಾರೆ. ಅದಕ್ಕೆ ಬೇಕಾದ ವೇಷಭೂಷಣಗಳನ್ನು ನಗರದಿಂದ ಬಾಡಿಗೆಗೆ ತರಿಸುವುದೆಂದೂ, ಪಾತ್ರಧಾರಿಯೊಬ್ಬನಿಗೆ 400 ರೂಪಾಯಿಯಂತೆ ಪೋಷಕರಿಂದ ಸಂಗ್ರಹಿಸುವುದೆಂದೂ ಸಿದ್ಧತಾ ಸಭೆಯಲ್ಲಿ ಮಾತಾಯಿತು. ಆ ಸಭೆಯಲ್ಲಿ ನಾನೂ ಕುಳಿತಿದ್ದೆ, ಬಾಯಿ ತೆರೆಯಲಿಲ್ಲ. ದುಡಿಯುವ ವಯಸ್ಸಿನವರು ಕೈಗೊಂಡ ತೀರ್ಮಾನಕ್ಕೆ ಮುದುಕರು ಅಡ್ಡ ಬರಬಾರದೆಂಬ ಸಂಕೋಚ ಒಂದು ಕಡೆ; ಆಡುವುದಾದರೆ ಹಳೆಯ ತಪ್ಪೊಂದನ್ನು ಹತ್ತು ಜನರೆದುರಿಗೆ ಒಪ್ಪಿಕೊಳ್ಳಬೇಕಾಗುತ್ತದೆ ಎಂಬ ಅಳುಕು ಇನ್ನೊಂದು ಕಡೆ. ಅಂದು ಆಡದೆ ಬಿಟ್ಟ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ರಾಯನ ಉಡುಪನ್ನು ಬಾಡಿಗೆಗೆ ತರಬಾರದು. ಅದನ್ನು ನಮ್ಮ ನಮ್ಮ ಮನೆಗಳಲ್ಲಿ, ನಮ್ಮ ಹಳೆಯ ಪಂಚೆ ಸೀರೆಗಳಿಂದಲೇ ಹೊಲಿಯಬೇಕು. ಪಾತ್ರಧಾರಿ ಬದಲಾದಂತೆಲ್ಲ ಬಿಚ್ಚಿ ಅಳತೆಗೆ ತಕ್ಕಂತೆ ಸರಿಪಡಿಸುತ್ತ ಹೋಗಬೇಕು. ಇದು ನನ್ನ ಖಚಿತವಾದ ಅಭಿಪ್ರಾಯ.

ಮೊದಲು ತಪ್ಪಿನ ಕಥೆ. 1984ರ ವಾರ್ಷಿಕೋತ್ಸವಕ್ಕೆ ಇದೇ ರಾಯನ ನಾಟಕವನ್ನು ಆಡಿಸುವ ಹೊಣೆ ಇತಿಹಾಸದ ಅಧ್ಯಾಪಕನಾಗಿದ್ದ ನನ್ನ ಮೇಲೆ ಬಿತ್ತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ರಾಯನ ಪಾತ್ರಕ್ಕೆ ಹೇಳಿ ಮಾಡಿಸಿದಂತಿದ್ದ. ತನ್ನ ಮಾತುಗಳಷ್ಟೇ ಅಲ್ಲ, ಅಪ್ಪಾಜಿ ತಿಮ್ಮರಸನ ಮಾತುಗಳೂ ದ್ವಾರಪಾಲಕನ ಮಾತುಗಳೂ ಅವನಿಗೆ ಕಂಠಪಾಠ. ಅವನ ತಂದೆ ಬೇರೆಯವರ ಕಡಲೆಕಾಯಿ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರು. ವೇಷಭೂಷಣದ ಬಾಡಿಗೆ ತಲಾ 15 ರೂಪಾಯಿಯೆಂದು ನಾನು ತರಗತಿಯಲ್ಲಿ ಓದಿ ಹೇಳಿದ ಮರುದಿನ ಆ ಹುಡುಗ ಬಂದು, “ಸಾರ್, ನನಗೆ ಗಂಟಲು ಸರಿಯಿಲ್ಲ, ರಾಯನ ಪಾತ್ರವನ್ನು ಬೇರೆ ಯಾರಿಗಾದರೂ ಕೊಡಿ” ಎಂದನು. ಕಾರಣವೇನೆಂದು ನನಗೆ ತಿಳಿಯದೆ ಇರಲಿಲ್ಲ. ಆದರೆ ಉತ್ಸವಕ್ಕೆ ಉಳಿದಿದ್ದುದು ಎಂಟು ದಿನ. ಗಂಟಲಿನ ನೆಪ ನನಗೂ ಅನುಕೂಲವಾಗಿಯೇ ಇತ್ತು. ಪಾತ್ರವನ್ನು ಬೇರೆ ಹುಡುಗನಿಗೆ ಕೊಟ್ಟೆ.

ನಾಟಕದ ರಾತ್ರಿ ಬಂದ ಉಡುಪು ಕೆಂಪು ಮಖಮಲ್ಲಿನ ಕೋಟು, ಜರಿಯ ಪಟ್ಟಿ, ಚೂಪು ಮೂತಿಯ ಚಡಾವು, ಗಿಲೀಟಿನ ಕಿರೀಟ. ಎಲ್ಲವೂ ದೊಡ್ಡವರ ಅಳತೆಯವು. ಕೋಟನ್ನು ಬೆನ್ನ ಹಿಂದೆ ಒಟ್ಟುಗೂಡಿಸಿ ಏಳೆಂಟು ಪಿನ್ನುಗಳಿಂದ ಬಿಗಿದಿದ್ದೆವು. ಪಿನ್ನುಗಳು ಸಭಿಕರ ಕಣ್ಣಿಗೆ ಬೀಳಬಾರದೆಂದು ಹುಡುಗ ರಂಗದ ಮೇಲೆ ಏಡಿಯಂತೆ ಅಡ್ಡಡ್ಡ ನಡೆಯಬೇಕಾಯಿತು. ಕೊರಳಪಟ್ಟಿಗೆ ಹತ್ತಾರು ಊರುಗಳ ಮುಖವರ್ಣದ ಜಿಡ್ಡು ಅಂಟಿತ್ತು. ಉಡುಪಿನ ಇರುಸುಮುರುಸಿನಲ್ಲಿ ಹುಡುಗ ಮಾತು ಮರೆತನು. ಆಗ ಪರದೆಯ ಪಕ್ಕದಿಂದ ಯಾರೋ ಸ್ಪಷ್ಟವಾದ ಧ್ವನಿಯಲ್ಲಿ ಮುಂದಿನ ಮಾತನ್ನು ಎತ್ತಿಕೊಟ್ಟರು. ಒಮ್ಮೆಯಲ್ಲ, ನಾಟಕ ಮುಗಿಯುವವರೆಗೂ. ಅದು ಗಂಟಲು ಸರಿಯಿಲ್ಲದ ಹುಡುಗನ ಧ್ವನಿ. ಅವರು ಈಗ ಮಕ್ಕಳ ತಂದೆಯಾಗಿ, ಈ ಸಂಚಿಕೆಯ ಓದುಗರಲ್ಲಿಯೂ ಒಬ್ಬರಾಗಿದ್ದಾರೆ. ಈ ಪ್ರಸಂಗವನ್ನು ಬರೆಯಲು ಅವರ ಒಪ್ಪಿಗೆಯನ್ನು ಪಡೆದಿದ್ದೇನೆ. “ಬರೆಯಿರಿ ಸಾರ್, ಹೆಸರು ಮಾತ್ರ ಬೇಡ” ಎಂದರು.

ಆ ರಾತ್ರಿ ಮನೆಗೆ ಬಂದು ಇದನ್ನು ಹೇಳಿದಾಗ ನನ್ನ ಪತ್ನಿ, “ಒಂದು ರಾತ್ರಿಯ ಕೋಟಿಗೆ ಅಷ್ಟು ದುಡ್ಡು ತೆತ್ತಿರಲ್ಲ, ನಿಮ್ಮ ಒಂದು ಹಳೆಯ ಪಂಚೆಯನ್ನು ಕೊಟ್ಟಿದ್ದರೆ ನಾನೇ ಹೊಲಿದುಕೊಡುತ್ತಿರಲಿಲ್ಲವೆ?” ಎಂದಳು. ಪಂಚೆಯ ಅಂಗಿ ತೊಟ್ಟ ಚಕ್ರವರ್ತಿಯೆ ಎಂದು ನಾನು ನಕ್ಕೆ. ನನ್ನ ಕಣ್ಣಿನಲ್ಲಿದ್ದ ರಾಯ 1970ರಲ್ಲಿ ಬಿ. ಆರ್. ಪಂತುಲು ಅವರು ತೆಗೆದ ‘ಶ್ರೀ ಕೃಷ್ಣದೇವರಾಯ’ ಚಿತ್ರದ ರಾಜಕುಮಾರ್. ನಮ್ಮ ಸೀಮೆಯ ಅರ್ಧ ಜನರ ಕಣ್ಣಿನಲ್ಲಿದ್ದ ರಾಯ ತೆಲುಗು ಚಿತ್ರಗಳ ಎನ್. ಟಿ. ರಾಮರಾವ್. ಎರಡೂ ಚಿತ್ರಜಗತ್ತಿನ ವೈಭವ. ಆ ಕಲಾವಿದರ ಬಗೆಗೆ ನನಗೆ ಗೌರವವಿದೆ. ಆದರೆ ಇತಿಹಾಸದ ಅಧ್ಯಾಪಕನಾಗಿ ನಾನು ನೋಡಬೇಕಾಗಿದ್ದುದು ಬೇರೆ ಕಡೆ, ಅದೂ ಬಸ್ಸಿನ ದಾರಿಯಲ್ಲಿಯೇ ಇತ್ತು.

ಮಡಕಶಿರಾ ಸೀಮೆಯವರಾದ ನಮಗೆ ಲೇಪಾಕ್ಷಿ ದೂರದ ಊರಲ್ಲ. ಹಿಂದೂಪುರಕ್ಕೆ ಹೋಗಿ ಅಲ್ಲಿಂದ ಸುಮಾರು 15 ಕಿಲೋಮೀಟರ್ ಮುಂದುವರಿದರೆ ವೀರಭದ್ರನ ಗುಡಿ. ಅಚ್ಯುತರಾಯನ ಆಳ್ವಿಕೆಯಲ್ಲಿ, ಅಂದರೆ 1529ರಿಂದ 1542ರ ನಡುವಣ ಕಾಲದಲ್ಲಿ, ವಿರೂಪಣ್ಣ ಮತ್ತು ವೀರಣ್ಣ ಎಂಬ ಸಹೋದರರು ಅದನ್ನು ವಿಸ್ತರಿಸಿ ಕಟ್ಟಿಸಿದರು. ಅಲ್ಲಿಗೆ ಹೋಗುವ ನಮ್ಮ ಜನ ದೊಡ್ಡ ನಂದಿಯನ್ನು ನೋಡುತ್ತಾರೆ, ನೆಲಕ್ಕೆ ಪೂರ್ತಿ ತಾಗದ ಕಂಬದ ಅಡಿಯಲ್ಲಿ ಟವೆಲು ತೂರಿಸಿ ಆಚೆ ಕಡೆಯಿಂದ ಎಳೆದುಕೊಳ್ಳುತ್ತಾರೆ, ಹೊರಟುಬಿಡುತ್ತಾರೆ. ತಲೆಯೆತ್ತಿ ಮಂಟಪದ ಛಾವಣಿಯನ್ನು ನೋಡುವವರು ಕಡಮೆ. 1985ರಲ್ಲಿ ನಾನು ನಲವತ್ತು ಮಕ್ಕಳನ್ನು ಕರೆದುಕೊಂಡು ಹೋಗಿ ಅವರನ್ನು ಮಂಟಪದ ನೆಲದ ಮೇಲೆ ಅಂಗಾತ ಮಲಗಿಸಿದೆ. ಛಾವಣಿಯ ಚಿತ್ರಗಳನ್ನು ನೋಡಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ನಿಂತು ನೋಡಿದರೆ ಕುತ್ತಿಗೆ ನೋಯುತ್ತದೆ.

ಬಣ್ಣ ಅಲ್ಲಲ್ಲಿ ಉದುರಿದೆ. ಆದರೂ ಕಾಣುವುದು ಬಹಳ. ಪಾರ್ವತಿಯ ಕಲ್ಯಾಣ, ದ್ರೌಪದಿಯ ಸ್ವಯಂವರ, ಕಿರಾತಾರ್ಜುನರ ಕಥೆ. ಹೆಂಗಸರ ಸೀರೆಗಳ ಪಟ್ಟೆ ಮತ್ತು ಚೌಕಳಿಗಳ ಬಗೆ ಎಷ್ಟೆಂದರೆ ಹೆಣ್ಣುಮಕ್ಕಳು ಎಣಿಸುತ್ತ ಎಣಿಸುತ್ತ ತಪ್ಪಿದರು. ನಾವು ಹುಡುಕುತ್ತಿದ್ದುದು ಗಂಡಸರ ಉಡುಪು. ಅಲ್ಲಿನ ಗಣ್ಯರಲ್ಲಿ ಹಲವರ ಮೈಮೇಲೆ ಇರುವುದು ಉದ್ದ ತೋಳಿನ, ನೀಳವಾದ ಬಿಳಿಯ ನಿಲುವಂಗಿ. ತಲೆಯ ಮೇಲೆ ಎತ್ತರವಾದ, ಮೇಲೆ ಮೇಲೆ ಕಿರಿದಾಗುವ ಟೊಪ್ಪಿಗೆ. ಮಖಮಲ್ಲಿನ ಕೋಟೂ ಇಲ್ಲ, ಗಿಲೀಟಿನ ಕಿರೀಟವೂ ಇಲ್ಲ. “ಸಾರ್, ಇದು ನಮ್ಮಜ್ಜನ ಪಂಚೆಯ ಬಣ್ಣ” ಎಂದು ಒಬ್ಬ ಹುಡುಗ ಮಲಗಿದಲ್ಲಿಂದಲೇ ಹೇಳಿದ. ಮನೆಯಾಕೆಯ ಮಾತು ನನಗೆ ನೆನಪಾಯಿತು.

ಈ ನಿಲುವಂಗಿಯ ಹೆಸರು ಕಬಾಯಿ. ಅರಬ್ಬರ ಕಬಾ ಎಂಬ ಉಡುಪಿನಿಂದ ಬಂದ ಹೆಸರು. ಟೊಪ್ಪಿಗೆಯ ಹೆಸರು ಕುಲ್ಲಾಯಿ. ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದರಂತೆ ಎಂದು ನಾವು ದಿನವೂ ಆಡುವ ಗಾದೆಯಲ್ಲಿರುವ ಕುಲಾವಿಯೂ ಇದೇ ಮಾತು. ಸಾಮ್ರಾಜ್ಯ ಹೋದರೂ ಅದರ ಟೊಪ್ಪಿಗೆ ತೊಟ್ಟಿಲಿನಲ್ಲಿ ಉಳಿಯಿತು. ರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತಾನು ಕಣ್ಣಾರೆ ಕಂಡ ದೊರೆಯ ಉಡುಪನ್ನು ಬರೆದಿಟ್ಟಿದ್ದಾನೆ: ಬಂಗಾರದ ಎಳೆಯಲ್ಲಿ ಗುಲಾಬಿ ಹೂಗಳನ್ನು ಕಸೂತಿ ಮಾಡಿದ ಬಿಳಿಯ ಬಟ್ಟೆ, ಕೊರಳಲ್ಲಿ ವಜ್ರದ ಹಾರ, ತಲೆಗೆ ಶಿರಸ್ತ್ರಾಣದ ಆಕಾರದ ಜರತಾರಿ ಟೊಪ್ಪಿಗೆ, ಮತ್ತು ಬರಿಗಾಲು. ದೊರೆಯ ಸನ್ನಿಧಿಯಲ್ಲಿ ಯಾರೂ ಪಾದರಕ್ಷೆ ತೊಡುವಂತಿರಲಿಲ್ಲ. ಇದನ್ನು ಓದಿದ ದಿನವೇ ಬಾಡಿಗೆಯ ಚಡಾವುಗಳ ಖರ್ಚನ್ನು ನಾನು ಪಟ್ಟಿಯಿಂದ ಹೊಡೆದುಹಾಕಿದೆ. ತನ್ನ ಬಳಿಗೆ ಬಂದ ಪೋರ್ಚುಗೀಸರ ಮುಖಂಡನಿಗೆ ದೊರೆ ಬೀಳ್ಕೊಡುವಾಗ ಜರತಾರಿಯ ಕಬಾಯಿಯೊಂದನ್ನೂ ತನ್ನದೇ ಮಾದರಿಯ ಟೊಪ್ಪಿಗೆಯನ್ನೂ ಉಡುಗೊರೆಯಾಗಿ ಕೊಟ್ಟನೆಂದೂ ಪಾಯಸ್ ಹೇಳುತ್ತಾನೆ.

ತೆಲುಗು ಬಲ್ಲ ನಮ್ಮವರಿಗೆ ಇನ್ನೊಂದು ಸಾಕ್ಷಿ ಬಾಯಲ್ಲಿಯೇ ಇದೆ. ಪ್ರೌಢದೇವರಾಯನ ಆಸ್ಥಾನಕ್ಕೆ ಬಂದ ಶ್ರೀನಾಥ ಕವಿಯದೆಂದು ಹೇಳುವ ಚಾಟು ಪದ್ಯವನ್ನು ಕೇಳದವರು ನಮ್ಮ ಕಡೆ ವಿರಳ. ಕುಲ್ಲಾಯಿಯನ್ನು ಇಟ್ಟುಕೊಂಡು, ಮಹಾಕೂರ್ಪಾಸವನ್ನು ತೊಟ್ಟುಕೊಂಡು ಪಟ್ಟ ಪಾಡನ್ನು ಕವಿ ಅದರಲ್ಲಿ ಕನ್ನಡ ರಾಜ್ಯಲಕ್ಷ್ಮಿಯ ಮುಂದೆ ತೋಡಿಕೊಳ್ಳುತ್ತಾನೆ. ಕೂರ್ಪಾಸವೆಂದರೆ ನಮ್ಮ ಕುಪ್ಪಸವೇ. ಮಹಾಕೂರ್ಪಾಸವೆಂದರೆ ದೊಡ್ಡ ಕುಪ್ಪಸ, ನಿಲುವಂಗಿ. ಆಸ್ಥಾನಕ್ಕೆ ಹೋಗಬೇಕಾದರೆ ಕವಿಯೂ ಈ ಉಡುಪನ್ನು ತೊಡಬೇಕಾಗಿತ್ತು. ಬೇರೆಯವರ ಅಳತೆಯ ಅಂಗಿ ತೊಟ್ಟವನ ಸಂಕಟ ಎಂತಹುದೆಂದು ಮಖಮಲ್ಲಿನ ರಾತ್ರಿಯಾದ ಮೇಲೆ ನನಗೆ ಚೆನ್ನಾಗಿ ಅರ್ಥವಾಗಿತ್ತು.

ಇನ್ನು ಹೊಲಿದ ಬಗೆ. ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಓದಿ ಯಾರಾದರೂ ಹೊಲಿಯಲಿ ಎಂಬುದೇ ಉದ್ದೇಶ.

ನಾಲ್ಕು ಗಜದ, 50 ಅಂಗುಲ ಪನ್ನದ ಹಳೆಯ ಪಂಚೆ ಒಂದು ಸಾಕು. ಒಗೆದು ಒಗೆದು ಮೆತ್ತಗಾದದ್ದು ಹೊಸದಕ್ಕಿಂತ ಮೇಲು. ಇನ್ನು ಕುಗ್ಗುವ ಭಯವಿಲ್ಲ. ಮೊದಲು ಹಳೆಯ ವೃತ್ತಪತ್ರಿಕೆಯಲ್ಲಿ ಕತ್ತರಿಸಿ ನೋಡಬೇಕು. ಹದಿಮೂರು ವರ್ಷದ ಹುಡುಗನಿಗೆ ಹೆಗಲಿನಿಂದ ಹರಡಿನವರೆಗೆ 46 ಅಂಗುಲವೆಂದಿಟ್ಟುಕೊಂಡರೆ, ಕೆಳಗಿನ ಮಡಿಕೆಗೆ 8 ಅಂಗುಲ ಸೇರಿಸಿ 54. ಅದರ ಎರಡರಷ್ಟು 108 ಅಂಗುಲವನ್ನು ಅಳೆದು ಅಡ್ಡಕ್ಕೆ ಮಡಿಸಿದರೆ ಮಡಿಕೆಯೇ ಹೆಗಲಾಗುತ್ತದೆ. ಹೆಗಲ ಮೇಲೆ ಹೊಲಿಗೆಯೇ ಬೇಡ. ಪನ್ನದಲ್ಲಿ 24 ಅಂಗುಲ ಮೈಗೆ. ಪಕ್ಕದಲ್ಲಿ ಉಳಿಯುವ 26 ಅಂಗುಲದ ಉದ್ದ ಪಟ್ಟಿಯಲ್ಲಿ, 10 ಅಂಗುಲ ಅಗಲ ಮತ್ತು 34 ಅಂಗುಲ ಉದ್ದದ ಎರಡು ತುಂಡುಗಳನ್ನು ತೆಗೆದು, ಒಂದೊಂದನ್ನೂ ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ನಾಲ್ಕು ತ್ರಿಕೋನಗಳು ಸಿಗುತ್ತವೆ. ಅವೇ ಕಲಿಗಳು. ಸೊಂಟದಿಂದ ಕೆಳಕ್ಕೆ ಎಡಬಲಗಳಲ್ಲಿ ಎರಡೆರಡು ಕಲಿಗಳನ್ನು ಜೋಡಿಸಿದಾಗ ಅಂಗಿಗೆ ಘೇರು ಬರುತ್ತದೆ. ಹುಡುಗ ಕಾಲು ಬೀಸಿ ನಡೆಯಬಹುದು. ಪಂಚೆಯ ತುದಿಯಲ್ಲಿ ಉಳಿದ 36 ಅಂಗುಲದ ತುಂಡು ತೋಳುಗಳಿಗೆ. ಕಂಕುಳಿನಲ್ಲಿ 4 ಅಂಗುಲದ ಚೌಕವೊಂದನ್ನು ಕೂರಿಸುವುದನ್ನು ಮರೆಯಬಾರದು. ಅದಿಲ್ಲದಿದ್ದರೆ ರಾಯ ಕತ್ತಿಯೆತ್ತಿದ ಕೂಡಲೇ ತೋಳು ಹರಿಯುತ್ತದೆ. ಕತ್ತಿ ರಟ್ಟಿನದಾದರೂ ಹರಿಯುವುದು ಬಟ್ಟೆ ತಾನೆ!

ಕೊರಳನ್ನು ಕತ್ತರಿಸುವಾಗ ಮಾತ್ರ ಬಹಳ ಎಚ್ಚರಿಕೆ ಬೇಕು. ನಮ್ಮ ಮೊದಲ ಅಂಗಿಗೆ ನಾನು ಊಟದ ತಟ್ಟೆಯನ್ನು ಬೋರಲಿಟ್ಟು ಗೆರೆ ಎಳೆದು ಕತ್ತರಿಸಿಬಿಟ್ಟೆ. ತೊಡಿಸಿ ನೋಡಿದರೆ ಅಂಗಿ ಎರಡು ಹೆಗಲುಗಳನ್ನೂ ದಾಟಿ ಕೆಳಗಿಳಿಯಿತು. ಮನೆಯಾಕೆ ಅಂದು ನನ್ನ ಕೈಯಿಂದ ಕತ್ತರಿಯನ್ನು ಕಿತ್ತುಕೊಂಡವಳು ಮತ್ತೆ ಕೊಡಲಿಲ್ಲ. ತನ್ನ ಹಳೆಯ ಸೀರೆಯ ಕೆಂಪು ಅಂಚನ್ನು ಬಿಡಿಸಿ ಕೊರಳ ಸುತ್ತ ಪಟ್ಟಿಯಾಗಿ ಹಚ್ಚಿ ಅದನ್ನು ಚಿಕ್ಕದು ಮಾಡಿದಳು. ಆ ಕೆಂಪು ಪಟ್ಟಿಯನ್ನು ನೋಡಿ ‘ಏನು ಕಲ್ಪನೆ!’ ಎಂದು ಹೊಗಳಿದವರು ಹಲವರು. ನಾನು ಯಾರಿಗೂ ನಿಜ ಹೇಳಿರಲಿಲ್ಲ. ಕೊರಳಿನಿಂದ ಕೆಳಕ್ಕೆ ಒಂದು ಗೇಣು ಸೀಳಿ, ಅಲ್ಲಿ ಲಾಡಿ ಕಟ್ಟಿದರೆ ಗುಂಡಿ ಕಾಜುಗಳ ತೊಡಕಿಲ್ಲ.

ಕಲಿಗಳ ಓರೆ ಅಂಚು ಜೋತುಬೀಳುವ ಸ್ವಭಾವದ್ದು. ಆದ್ದರಿಂದ ಕೆಳಗಿನ ಮಡಿಕೆಯನ್ನು ಒಡನೆಯೇ ಹೊಲಿಯದೆ, ಅಂಗಿಯನ್ನು ಒಂದು ರಾತ್ರಿ ಗೂಟಕ್ಕೆ ತೂಗುಹಾಕಿ, ಮರುದಿನ ಹುಡುಗನಿಗೆ ತೊಡಿಸಿ, ನೆಲದಿಂದ ಅಳೆದು ಗುರುತು ಹಾಕಿ ಮಡಿಸಬೇಕು. ಈ ಮಡಿಕೆಯಲ್ಲಿಯೇ ಅಂಗಿಯ ಆಯುಷ್ಯವೆಲ್ಲ ಇರುವುದು. ಎಂಟು ಅಂಗುಲವನ್ನೂ ಒಳಗೇ ಬಿಡಬೇಕು, ಹೆಚ್ಚಾಯಿತೆಂದು ಕತ್ತರಿಸಬಾರದು. ಪಕ್ಕದ ಹೊಲಿಗೆಗಳಲ್ಲಿಯೂ ಎರಡೆರಡು ಅಂಗುಲ ಒಳಗೆ ಬಿಟ್ಟು, ಉದ್ದುದ್ದ ದಾಟುಗಳ ಕೈಹೊಲಿಗೆಯನ್ನೇ ಹಾಕಬೇಕು. ಮುಂದಿನ ವರ್ಷದ ರಾಯ ದಪ್ಪಗಿದ್ದರೆ ದಾರದ ಒಂದು ತುದಿಯನ್ನು ಎಳೆದರೆ ಸಾಕು, ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಅರ್ಧ ಗಂಟೆಯಲ್ಲಿ ಹೊಸ ಅಳತೆಗೆ ಕೂರಿಸಬಹುದು. ಯಂತ್ರದ ಹೊಲಿಗೆಯನ್ನು ಬಿಚ್ಚಲು ಹೋದರೆ ಹಳೆಯ ಬಟ್ಟೆ ಹರಿಯುತ್ತದೆ.

ಕುಲ್ಲಾಯಿಯನ್ನು ಗಣಿತದ ಅಧ್ಯಾಪಕರು ಮಾಡಿಸಿಕೊಟ್ಟರು. ಕ್ಯಾಲೆಂಡರಿನ ರಟ್ಟಿನಲ್ಲಿ 14 ಅಂಗುಲ ತ್ರಿಜ್ಯದ ಕಾಲು ವೃತ್ತವನ್ನು ಕತ್ತರಿಸಿದರೆ ಅದರ ಕಂಸ ಸರಿಯಾಗಿ 22 ಅಂಗುಲ. ಒಂದು ಅಂಗುಲ ಅಂಟಿಸಲು ಹೋದರೆ ಉಳಿಯುವ 21 ಅಂಗುಲ ನಮ್ಮ ಹುಡುಗರ ತಲೆಯ ಸುತ್ತಳತೆ. ಅದರ ಮೇಲೆ ಕೆಂಪು ಬಟ್ಟೆ ಹೊದಿಸಿ ಹಳೆಯ ಜರಿಯಂಚು ಸುತ್ತಿದರಾಯಿತು. ಶಂಕುವಿನ ಪಾಠ ಆ ವರ್ಷ ಯಾರಿಗೂ ಮರೆಯಲಿಲ್ಲ ಎಂದು ಅವರು ಬಹುಕಾಲ ಹೇಳುತ್ತಿದ್ದರು.

ಸೂಜಿ ಹಿಡಿಯುವುದು ಹುಡುಗಿಯರ ಕೆಲಸವೆಂದು ಹುಡುಗರು ಮೊದಲು ಹಿಂಜರಿದರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನೇ ಇದ್ದನಲ್ಲ, ಅವನೇನು ಹೆಂಗಸೆ ಎಂದು ಕೇಳಿದ ಮೇಲೆ ಒಬ್ಬೊಬ್ಬರಾಗಿ ಕುಳಿತರು. ತನ್ನ ಅಂಗಿಯ ಕೆಳಮಡಿಕೆಯನ್ನು ತಾನೇ ಹೊಲಿಯದ ಹೊರತು ಪಾತ್ರವಿಲ್ಲವೆಂಬ ನಿಯಮವನ್ನು ನಾನು ಮುಖ್ಯೋಪಾಧ್ಯಾಯನಾದ ಮೇಲೂ 2009ರಲ್ಲಿ ನಿವೃತ್ತನಾಗುವವರೆಗೂ ಬಿಡಲಿಲ್ಲ. ಇದರಿಂದ ಒಂದು ಲಾಭವಾಯಿತು. ಹೊಲಿಯುತ್ತ ಕುಳಿತಾಗ ಹುಡುಗರು ಪ್ರಶ್ನೆ ಕೇಳುತ್ತಿದ್ದರು. ಅರಬ್ಬರ ಅಂಗಿ ಹಂಪೆಗೆ ಹೇಗೆ ಬಂತು? ದೊರೆ ಯಾಕೆ ಚಪ್ಪಲಿ ಹಾಕಲಿಲ್ಲ? ಪಠ್ಯಪುಸ್ತಕವನ್ನು ಹಿಡಿದು ನಾನು ಮೂವತ್ತು ವರ್ಷ ಪಾಠ ಹೇಳಿದ್ದೇನೆ; ಇಂತಹ ಪ್ರಶ್ನೆಗಳು ತರಗತಿಯಲ್ಲಿ ಬಂದದ್ದು ಅಪರೂಪ.

ಮೊದಲನೆಯ ಪ್ರಶ್ನೆ ಊರ ಹಿರಿಯರಿಂದಲೂ ಬಂತು. 1985ರ ನಾಟಕ ಮುಗಿದ ಮೇಲೆ ಒಬ್ಬ ಗೌರವಾನ್ವಿತರು ನನ್ನನ್ನು ಪಕ್ಕಕ್ಕೆ ಕರೆದು, “ಮೇಷ್ಟ್ರೇ, ನಮ್ಮ ರಾಯನಿಗೆ ಸುಲ್ತಾನರ ಅಂಗಿ ತೊಡಿಸಿದಿರಲ್ಲ, ಇದು ಸರಿಯೆ?” ಎಂದರು. ಅವರು ಕೋಪದಿಂದ ಕೇಳಲಿಲ್ಲ, ನೊಂದು ಕೇಳಿದರು. ಇಂದು ಇಂತಹ ಮಾತು ಅಂದಿಗಿಂತ ಗಟ್ಟಿಯಾಗಿ ಕೇಳಿಬರುವ ಸಂಭವವಿರುವುದರಿಂದ ಉತ್ತರವನ್ನು ಇಲ್ಲಿಯೇ ಬರೆದಿಡುತ್ತೇನೆ. ವಿಜಯನಗರದ ಅರಸರು ತಮ್ಮನ್ನು ‘ಹಿಂದೂರಾಯ ಸುರತ್ರಾಣ’ರೆಂದು ಕರೆದುಕೊಂಡವರು, ಸುರತ್ರಾಣವೆಂದರೆ ಸುಲ್ತಾನ ಎಂಬುದರ ಸಂಸ್ಕೃತ ರೂಪವೇ. ದೇಶದೇಶಗಳ ರಾಯಭಾರಿಗಳೂ ಕುದುರೆ ವ್ಯಾಪಾರಿಗಳೂ ಬರುತ್ತಿದ್ದ ಆಸ್ಥಾನದಲ್ಲಿ, ಅಂದಿನ ದೊಡ್ಡ ದೊಡ್ಡ ದರ್ಬಾರುಗಳಲ್ಲಿ ಸಲ್ಲುತ್ತಿದ್ದ ಉಡುಪನ್ನು ಅವರು ತೊಟ್ಟರು. ತೊಟ್ಟು ಅದನ್ನು ತಮ್ಮದಾಗಿಸಿಕೊಂಡರು. ಎಷ್ಟೆಂದರೆ ವೀರಭದ್ರನ ಗುಡಿಯ ಛಾವಣಿಯಲ್ಲಿಯೇ ಅದನ್ನು ಬರೆಸಿದರು. ಅದೇ ರಾಯ ತಿರುಮಲೆಯ ಸನ್ನಿಧಿಯಲ್ಲಿ ನಿಂತ ಲೋಹದ ಪ್ರತಿಮೆಯನ್ನು ನೋಡಿದವರಿಗೆ ಗೊತ್ತು: ಇಬ್ಬರು ದೇವಿಯರ ನಡುವೆ ಕೈಮುಗಿದು ನಿಂತಿದ್ದಾನೆ, ತಲೆಯ ಮೇಲೆ ಎತ್ತರದ ಕುಲ್ಲಾಯಿ ಇದೆ, ಎದೆ ಮಾತ್ರ ಬರಿದು. ಆಸ್ಥಾನಕ್ಕೆ ಕಬಾಯಿ, ದೇವರ ಮುಂದೆ ಬರಿಮೈ. ಮುಂದಿನ ವರ್ಷದಿಂದ ನಮ್ಮ ನಾಟಕದಲ್ಲಿಯೂ ತಿರುಪತಿಯ ದೃಶ್ಯ ಬಂದಾಗ ರಾಯ ರಂಗದ ಮೇಲೆಯೇ ಲಾಡಿ ಬಿಚ್ಚಿ ಅಂಗಿಯನ್ನು ಅಪ್ಪಾಜಿಯ ಕೈಗೆ ಕೊಡುವಂತೆ ಮಾಡಿದೆವು. ಆ ಹಿರಿಯರು ಅದನ್ನು ನೋಡಿ ಎರಡು ಪಂಚೆಗಳನ್ನು ತಾವೇ ಶಾಲೆಗೆ ಕಳುಹಿಸಿದರು. ರಾಯ ಕನ್ನಡದವನೋ ತೆಲುಗಿನವನೋ ಎಂಬ ಜಗಳಕ್ಕೆ ನಾನು ಇಲ್ಲಿ ಹೋಗುವುದಿಲ್ಲ. ‘ಕನ್ನಡ ರಾಜ್ಯ ರಮಾರಮಣ’ನೆಂಬ ಬಿರುದು ಹೊತ್ತವನು ‘ಆಮುಕ್ತಮಾಲ್ಯದ’ವನ್ನು ತೆಲುಗಿನಲ್ಲಿ ಬರೆದನು. ಅರ್ಧ ಮನೆಗಳಲ್ಲಿ ಎರಡೂ ಭಾಷೆ ಆಡುವ ನಮ್ಮ ಮಕ್ಕಳಿಗೆ ಅದು ಒಗಟಲ್ಲ.

ನನ್ನ ಮಾತಿಗೆ ಬರಬಹುದಾದ ಆಕ್ಷೇಪಣೆಗಳು ನನಗೆ ತಿಳಿಯದವಲ್ಲ. ಇಂದಿನ ತಾಯಂದಿರಿಗೆ ಬಿಡುವೆಲ್ಲಿದೆ, ಎಷ್ಟೋ ಮನೆಗಳಲ್ಲಿ ಸೂಜಿದಾರವೇ ಇಲ್ಲ, ಅಧ್ಯಾಪಕರಿಗೆ ದಾಖಲೆ ತುಂಬುವುದರಲ್ಲಿಯೇ ದಿನ ಕಳೆಯುತ್ತದೆ. ಎಲ್ಲವೂ ನಿಜ. ಬಾಡಿಗೆಯೇ ಕೂಡದೆಂದು ನಾನು ಹಠ ಹಿಡಿಯುವವನೂ ಅಲ್ಲ. ಯಕ್ಷಗಾನದ ಪ್ರಸಂಗವಿದ್ದರೆ ಮೇಳದವರಿಂದಲೇ ವೇಷ ತರಬೇಕು. ಆ ಕಿರೀಟ ಭುಜಕೀರ್ತಿಗಳ ವಿದ್ಯೆಯೇ ಬೇರೆ, ಮನೆಯಲ್ಲಿ ಮಾಡಹೊರಟರೆ ನಗೆಪಾಟಲು. ಮಿಂಚುವ ಉಡುಪಿಲ್ಲದೆ ಸಭಿಕರು ಮೆಚ್ಚುವುದಿಲ್ಲವೆಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಗಂಜಿ ಹಾಕಿ ಒಣಗಿಸಿದ ಬಿಳಿಯ ನಿಲುವಂಗಿಯ ಮೇಲೆ ದೀಪದ ಬೆಳಕು ಬಿದ್ದಾಗ ಅದು ಕಾಣುವ ಬಗೆಯನ್ನು ನೋಡಿದವರು ಹಾಗೆನ್ನಲಾರರು.

ಆದರೆ ನನ್ನ ಮುಖ್ಯ ಚಿಂತೆ ನೋಟದ್ದಲ್ಲ. 400 ರೂಪಾಯಿ ಇಂದು ದೊಡ್ಡ ಮೊತ್ತವಲ್ಲವೆಂದು ಸಭೆಯಲ್ಲಿ ಒಬ್ಬರು ಹೇಳಿದರು. 1984ರಲ್ಲಿ 15 ರೂಪಾಯಿಯ ಬಗೆಗೆ ನಾನೂ ಹಾಗೆಯೇ ಹೇಳಿದ್ದೆ. ಹಣವಿದ್ದವರು ಇಂದು ಮಕ್ಕಳನ್ನು ಬೇರೆ ಮಾಧ್ಯಮದ ಶಾಲೆಗಳಿಗೆ ಕಳುಹಿಸುತ್ತಿದ್ದಾರೆ; ನಮ್ಮ ಶಾಲೆಯಲ್ಲಿ ಉಳಿದಿರುವವರಲ್ಲಿ ಹೆಚ್ಚಿನವರು ಆ ಹಣವನ್ನು ಎಣಿಸಿ ಕೊಡಬೇಕಾದವರ ಮಕ್ಕಳು. ಅವರು ಬಡತನವನ್ನು ಹೇಳಿಕೊಳ್ಳುವುದಿಲ್ಲ. ಗಂಟಲು ನೋವೆನ್ನುತ್ತಾರೆ, ಊರಿಗೆ ಹೋಗಬೇಕೆನ್ನುತ್ತಾರೆ. ಹಣ ಕೊಡಲಾರದವರಿಗೆ ಸಮಿತಿಯೇ ಕೊಡುತ್ತದೆ ಎಂಬ ಸಲಹೆಯೂ ಬಂತು. ಹಾಗೆ ಪಡೆಯಲು ಕೈ ಎತ್ತಬೇಕಾದ ಹುಡುಗನ ಜಾಗದಲ್ಲಿ ಕುಳಿತು ಯೋಚಿಸಬೇಕೆಂದು ಸಮಿತಿಯ ಮಿತ್ರರನ್ನು ವಿನಯದಿಂದ ಕೇಳಿಕೊಳ್ಳುತ್ತೇನೆ. ಹಳೆಯ ಪಂಚೆ ಇಲ್ಲದ ಮನೆ ನಮ್ಮ ಸೀಮೆಯಲ್ಲಿಲ್ಲ.

ನಾಟಕಕ್ಕೆ ಇನ್ನೂ ಎರಡು ತಿಂಗಳಿದೆ. ಒಂದು ನಿಲುವಂಗಿಯನ್ನು ಕೈಯಲ್ಲಿ ಹೊಲಿಯಲು ದಿನಕ್ಕೆ ಒಂದು ಗಂಟೆಯಂತೆ ಎಂಟು ಹತ್ತು ದಿನ ಸಾಕು. ರಾಯ, ಅಪ್ಪಾಜಿ, ಸಾಮಂತರು, ಕವಿಗಳು ಎಲ್ಲ ಸೇರಿ ಹನ್ನೆರಡು ಅಂಗಿಗಳು ಬೇಕಾಗುತ್ತವೆ. ಹಳೆಯ ವಿದ್ಯಾರ್ಥಿಗಳಲ್ಲಿ ಬೆಂಗಳೂರಿನಲ್ಲಿಯೂ ಅದಕ್ಕಿಂತ ದೂರದಲ್ಲಿಯೂ ಇರುವವರು ಮಹೋತ್ಸವಕ್ಕೆ ಏನು ಕೊಡಬೇಕೆಂದು ಕೇಳುತ್ತಿದ್ದೀರಿ. ತಂದೆಯದೋ ತಾತನದೋ ಒಂದು ಪಂಚೆ, ತಾಯಿಯ ಸೀರೆಯ ಒಂದು ಅಂಚು, ಇಷ್ಟನ್ನು ಒಗೆದು ಕಳುಹಿಸಿ.

1985ರ ಮೊದಲ ಅಂಗಿ ಈಗಲೂ ನನ್ನ ಮನೆಯ ಟ್ರಂಕಿನಲ್ಲಿ ಬೇವಿನ ಎಲೆಗಳ ನಡುವೆ ಇದೆ. ಕಳೆದ ವಾರ ತೆಗೆದು ನೋಡಿದೆ. ಕೆಳಗಿನ ಮಡಿಕೆಯನ್ನು ಬಿಚ್ಚಿ ಬಿಚ್ಚಿ ಮತ್ತೆ ಹೊಲಿದ ಕಡೆಗಳಲ್ಲಿ ಸೂಜಿಯ ಹಳೆಯ ರಂಧ್ರಗಳು ಸಾಲು ಸಾಲಾಗಿ ಉಳಿದಿವೆ. ಎಣಿಸಿದರೆ ಹನ್ನೊಂದು ಸಾಲುಗಳು. ಕೆಲವು ನೆಟ್ಟಗಿವೆ, ಕೆಲವು ಹಾವಿನಂತೆ ಹರಿದಿವೆ. ಯಾವ ಸಾಲು ಯಾವ ಹುಡುಗನದೆಂದು ನಾನು ಹೇಳಬಲ್ಲೆ. ಅಚ್ಯುತರಾಯನ ಕಾಲದಲ್ಲಿ ಬಂದ ನ್ಯೂನಿಜ್ ಎಂಬ ಇನ್ನೊಬ್ಬ ಪೋರ್ಚುಗೀಸ್, ದೊರೆ ಒಮ್ಮೆ ತೊಟ್ಟ ಬಟ್ಟೆಯನ್ನು ಮತ್ತೆ ತೊಡುತ್ತಿರಲಿಲ್ಲವೆಂದೂ, ಬಿಚ್ಚಿದ್ದನ್ನು ಲೆಕ್ಕ ಬರೆದು ಒಳಗಿಡುತ್ತಿದ್ದರೇ ಹೊರತು ಯಾರಿಗೂ ಕೊಡುತ್ತಿರಲಿಲ್ಲವೆಂದೂ ಬರೆದಿದ್ದಾನೆ. ನಮ್ಮ ರಾಯನ ಅಂಗಿಯನ್ನು ಹನ್ನೊಂದು ಜನ ತೊಟ್ಟರು. ಅವರಲ್ಲಿ ಮೊದಲನೆಯವರು, ಹಿಂದಿನ ವರ್ಷ ಗಂಟಲು ಸರಿಯಿಲ್ಲವೆಂದವರು. ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಎತ್ತರ ಬೆಳೆದಿದ್ದರು. ಅಂಗಿ ಹರಡಿನಿಂದ ನಾಲ್ಕು ಬೆರಳು ಮೇಲೆಯೇ ನಿಂತಿತು, ಆದ್ದರಿಂದ ಅವರ ಹೊಲಿಗೆಯ ಸಾಲು ಎಲ್ಲಕ್ಕಿಂತ ಕೆಳಗಿದೆ. ಈ ಸಲ ಅವರ ಮಗಳು ಏಳನೆಯ ತರಗತಿಯಲ್ಲಿದ್ದಾಳೆ, ಅಪ್ಪಾಜಿಯ ಪಾತ್ರ ಕೇಳಿದ್ದಾಳಂತೆ.

ಮುಂದಿನ ಭಾನುವಾರದಿಂದ ಪ್ರತಿ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಶಾಲೆಯ ಪಡಸಾಲೆಯಲ್ಲಿ ನಾನು ಅಳತೆಯ ಪಟ್ಟಿ ಮತ್ತು ಹಳೆಯ ವೃತ್ತಪತ್ರಿಕೆಗಳೊಡನೆ ಇರುತ್ತೇನೆ. ಕತ್ತರಿಸುವ ಕೆಲಸ ನನ್ನ ಪತ್ನಿಯದು. ಬರುವವರು ಸೂಜಿಯನ್ನು ತಾವೇ ತರಬೇಕು. ಈ ವಯಸ್ಸಿನಲ್ಲಿ ದಾರ ಪೋಣಿಸಿಕೊಡಲು ಮಕ್ಕಳ ಕಣ್ಣೂ ನನಗೆ ಬೇಕಾಗುತ್ತದೆ.